ತೊಗರಿ ಸಿಪ್ಪೆಯ ಅಂಟನ್ನು ಎಎಫ್‌ಎಂ ಮೊನೆಯಿಂದ ಅಳೆಯುವುದು: ಮೊನೆಗೆ ಏನು ಹಚ್ಚಬೇಕು, ಯಾವ ದ್ರವದಲ್ಲಿ ಅಳೆಯಬೇಕು?

ಆಳಂದ ರಸ್ತೆ:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಸಂಶೋಧನಾ ವಿದ್ಯಾರ್ಥಿ. ವಿಷಯ ತೊಗರಿ. ನಮ್ಮ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು, ಊರ ತುಂಬ ದಾಲ್ ಮಿಲ್‌ಗಳಿವೆ, ಆದರೂ ಸಿಪ್ಪೆ ಬಿಡಿಸುವ ಕೆಲಸ ಇವತ್ತಿಗೂ ಸಲೀಸಾಗಿಲ್ಲ. ಕಡಲೆ ಸಿಪ್ಪೆ ಬೇಗ ಬಿಡುತ್ತದೆ. ತೊಗರಿಯದ್ದು ಬಿಡುವುದಿಲ್ಲ. ಸಿಪ್ಪೆಗೂ ಬೇಳೆಗೂ ನಡುವೆ ಒಂದು ತೆಳು ಅಂಟಿನ ಪದರ ಇದೆ, ಅದೇ ಕಾರಣ ಅಂತ ಓದಿದ್ದೇನೆ. ಅದರಲ್ಲಿ ಗ್ಯಾಲಕ್ಟೋಮನ್ನಾನ್ ತರಹದ ಸಕ್ಕರೆ ಸರಪಳಿಗಳು, ಗ್ಲೂಕ್ಯುರೋನಿಕ್ ಆಮ್ಲ, ಪ್ರೋಟೀನ್ ಎಲ್ಲ ಸೇರಿವೆ.

ನನಗೆ ಬೇಕಾಗಿರುವುದು ಇಷ್ಟು: ಆ ಅಂಟು ಹಿಡಿದುಕೊಳ್ಳುವುದು ಯಾವ ಬಂಧದಿಂದ? ಹೈಡ್ರೋಜನ್ ಬಂಧವಾ, ವಿದ್ಯುತ್ ಆವೇಶವಾ, ನಡುವೆ ಕ್ಯಾಲ್ಸಿಯಂ ಕೂತಿದೆಯಾ? ಇದಕ್ಕೆ ಎಎಫ್‌ಎಂ (ಪರಮಾಣು ಬಲ ಸೂಕ್ಷ್ಮದರ್ಶಕ) ಯಂತ್ರದ ಮೊನೆಗೆ ಬೇರೆ ಬೇರೆ ರಾಸಾಯನಿಕ ಗುಂಪು ಹಚ್ಚಿ, ಸಿಪ್ಪೆಯ ಒಳಮೈಗೆ ಮುಟ್ಟಿಸಿ, ಎಳೆದು, ಎಷ್ಟು ಬಲ ಬೇಕಾಯಿತು ಅಂತ ನೋಡುವ ವಿಧಾನ ಸರಿಹೋಗಬಹುದು ಅನ್ನಿಸುತ್ತಿದೆ. ನನ್ನ ಕೈಗೆ ಬಂದ ಲೇಖನಗಳೆಲ್ಲ ಚಿನ್ನದ ತಗಡು, ಗಾಜು, ಮೈಕಾ ಮೇಲೆ ಮಾಡಿದವು. ತೊಗರಿಯಂಥ ಒರಟು ವಸ್ತುವಿನ ಮೇಲೆ ಯಾರಾದರೂ ಮಾಡಿದ್ದೀರಾ? ಯಾವ ಮೊನೆ, ಯಾವ ದ್ರವ, ಎಲ್ಲಿಂದ ಶುರು ಮಾಡಲಿ?

ಬ್ರಹ್ಮಪುರ:

ಒಳ್ಳೆ ಪ್ರಶ್ನೆ. ನಾನು ಕಲಬುರಗಿ ಬ್ರಹ್ಮಪುರದವಳು, ಈಗ ಹೊರಗಡೆ ಇದ್ದೇನೆ, ಸಸ್ಯದ ನಾರುಗಳ ಮೇಲೆ ಇದೇ ಕೆಲಸ ಮಾಡುತ್ತೇನೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ. ಸಸ್ಯದ ವಸ್ತುವಿನ ಮೇಲೆ ನೀವು ಮೊನೆಗೆ ಹಚ್ಚಿದ ರಾಸಾಯನಿಕ ಬಹಳ ಹೊತ್ತು ಹಾಗೇ ಉಳಿಯುವುದಿಲ್ಲ. ಮೇಣ, ಅಂಟು, ಪ್ರೋಟೀನು ಮೊನೆಗೆ ಮೆತ್ತಿಕೊಳ್ಳುತ್ತವೆ. ಆಮೇಲೆ ನೀವು ಅಳೆಯುವುದು ನಿಮ್ಮ ಮೊನೆಗೂ ತೊಗರಿಗೂ ನಡುವಿನ ಬಲ ಅಲ್ಲ, ತೊಗರಿ ಅಂಟಿಗೂ ತೊಗರಿ ಅಂಟಿಗೂ ನಡುವಿನ ಬಲ. ಬೆಲ್ಲ ತಿಂದ ಬಾಯಲ್ಲಿ ಚಹಾದ ಸಿಹಿ ನೋಡಿದ ಹಾಗೆ. ಯಂತ್ರ ಮಾತ್ರ ಅಂಕಿ ಕೊಡುತ್ತಲೇ ಇರುತ್ತದೆ, ಗ್ರಾಫ್ ಕೂಡ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಈ ಕೆಲಸದಲ್ಲಿ ಅರ್ಧ ಶ್ರಮ ಮೊನೆ ಇನ್ನೂ ಶುದ್ಧವಾಗಿದೆಯಾ ಅಂತ ತೋರಿಸುವುದಕ್ಕೇ ಹೋಗಬೇಕು.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಸಾಲು. ಎಎಫ್‌ಎಂ ಅನ್ನು 1986ರಲ್ಲಿ ಬಿನ್ನಿಗ್, ಕ್ವೇಟ್, ಗರ್ಬರ್ ಮಾಡಿದರು. ಸಣ್ಣ ಪಟ್ಟಿಯ ತುದಿಯಲ್ಲಿ ಒಂದು ಮೊನೆ. ಪಟ್ಟಿ ಎಷ್ಟು ಬಾಗಿತು ಅನ್ನುವುದನ್ನು ಲೇಸರ್ ಬೆಳಕಿನಿಂದ ನೋಡುತ್ತಾರೆ. ಬಾಗಿದ ಅಳತೆಗೆ ಪಟ್ಟಿಯ ಬಿಗಿತ ಗುಣಿಸಿದರೆ ಬಲ ಸಿಗುತ್ತದೆ. ಬಿಗಿತ ಮೀಟರಿಗೆ 0.06 ನ್ಯೂಟನ್ ಇದ್ದು, ಪಟ್ಟಿ 50 ನ್ಯಾನೊಮೀಟರ್ ಬಾಗಿದರೆ ಬಲ 3 ನ್ಯಾನೊನ್ಯೂಟನ್. ಮೊನೆಗೆ ರಾಸಾಯನಿಕ ಗುಂಪು ಹಚ್ಚಿ ಮೇಲ್ಮೈಯ ಗುಂಪುಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು ಅಂತ 1994ರಲ್ಲಿ ಲೀಬರ್ ಅವರ ತಂಡ ತೋರಿಸಿತು.

ಮೊನೆ ತಯಾರಿ. ಚಿನ್ನ ಲೇಪಿಸಿದ ಮೊನೆಯನ್ನೇ ಕೊಂಡುಕೊಳ್ಳಿ. ಅದನ್ನು ಯುವಿ-ಓಝೋನ್‌ನಲ್ಲಿ ಸ್ವಚ್ಛ ಮಾಡಿ, ಎಥನಾಲ್‌ನಲ್ಲಿ ತೊಳೆದು, 1 ಮಿಲಿಮೋಲಾರ್ ಥಯಾಲ್ ದ್ರಾವಣದಲ್ಲಿ ರಾತ್ರಿಯಿಡೀ ಇಡಿ. ಥಯಾಲಿನ ಗಂಧಕದ ತುದಿ ಚಿನ್ನವನ್ನು ಹಿಡಿಯುತ್ತದೆ, ಇನ್ನೊಂದು ತುದಿ ಹೊರಗೆ ಮುಖ ಮಾಡಿ ನಿಲ್ಲುತ್ತದೆ. ಆ ಹೊರತುದಿ ಮೆಥಿಲ್ ಇದ್ದರೆ ಮೊನೆ ನೀರನ್ನು ದೂರ ತಳ್ಳುತ್ತದೆ. ಹೈಡ್ರಾಕ್ಸಿಲ್ ಅಥವಾ ಕಾರ್ಬಾಕ್ಸಿಲ್ ಇದ್ದರೆ ನೀರನ್ನು ಬರಮಾಡಿಕೊಳ್ಳುತ್ತದೆ. ನಿಮಗೆ ಮೂರೂ ಬೇಕು, ಜೊತೆಗೆ ಏನೂ ಹಚ್ಚದ ಬರಿ ಚಿನ್ನದ ಮೊನೆಯೂ ಬೇಕು. ಅಮೈನ್ ಮೊನೆಯ ವಿಷಯ ಆಮೇಲೆ ಹೇಳುತ್ತೇನೆ.

ಮೊನೆಯ ಜೊತೆಗೇ, ಅದೇ ಡಬ್ಬಿಯಲ್ಲಿ, ಚಿನ್ನ ಲೇಪಿಸಿದ ಒಂದು ಗಾಜಿನ ಚೂರನ್ನೂ ಹಾಕಿಡಿ. ಮೊನೆಯ ಮೇಲೆ ನೀರಿನ ಹನಿ ಇಟ್ಟು ನೋಡುವುದು ಆಗದ ಮಾತು. ಗಾಜಿನ ಚೂರಿನ ಮೇಲೆ ಆಗುತ್ತದೆ. ಮೆಥಿಲ್ ಪದರ ಸರಿಯಾಗಿ ಕೂತಿದ್ದರೆ ಹನಿಯ ಕೋನ 110 ಡಿಗ್ರಿ ಹತ್ತಿರ ಬರಬೇಕು. ಕಾರ್ಬಾಕ್ಸಿಲ್ ಮತ್ತು ಹೈಡ್ರಾಕ್ಸಿಲ್ ಮೇಲೆ ಹನಿ ಹರಡಿಕೊಳ್ಳಬೇಕು. ಚೂರು ಸರಿ ಇಲ್ಲ ಅಂದರೆ ಮೊನೆಯೂ ಸರಿ ಇಲ್ಲ ಅಂತಲೇ ತಿಳಿಯಿರಿ. ಥಯಾಲ್ ಪದರ ಬೆಳಕಿಗೆ, ಗಾಳಿಗೆ ಕೆಡುತ್ತದೆ. ಹಾಗಾಗಿ ಕತ್ತಲಲ್ಲಿ ಇಟ್ಟು ಒಂದೆರಡು ದಿನದೊಳಗೆ ಬಳಸಿ.

ದಾಲ್ ಮಿಲ್ ಮನೆತನ:

ಅಕ್ಕಾರೇ, ಸರ್, ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ಮಿಲ್. ನೀವು ಹೇಳುವ ನ್ಯಾನೊ ಎಲ್ಲ ನನಗೆ ಗೊತ್ತಾಗಲಿಲ್ಲ, ಆದರೆ ಅಂಟಿನ ವಿಷಯ ದಿನಾ ನೋಡುತ್ತೇವೆ.

ನಮ್ಮಲ್ಲಿ ನಡೆಯುವ ರೀತಿ ಹೀಗೆ. ಮಾಲು ಜರಡಿ ಹಿಡಿದು ಎಮರಿ ರೋಲರ್‌ಗೆ ಬಿಡುತ್ತೇವೆ. ಅಲ್ಲಿ ಸಿಪ್ಪೆಗೆ ಗೀರು ಬೀಳುತ್ತದೆ ಅಷ್ಟೆ, ಬಿಡುವುದಿಲ್ಲ. ಆಮೇಲೆ ಎಣ್ಣೆ ಸವರಿ ರಾತ್ರಿ ರಾಶಿ ಹಾಕುತ್ತೇವೆ. ಎಣ್ಣೆ ಗೀರಿನೊಳಗೆ ಇಳಿಯಬೇಕಲ್ವಾ, ಅದಕ್ಕೆ ಹೊತ್ತು ಬೇಕು. ಆಮೇಲೆ ಕಟ್ಟೆಯ ಮೇಲೆ ಬಿಸಿಲಿಗೆ ಹರವುತ್ತೇವೆ, ಮತ್ತೆ ನೀರು ಚಿಮುಕಿಸಿ ರಾಶಿ, ಮತ್ತೆ ರೋಲರ್. ಇದೇ ಸುತ್ತು ಮೂರ್ನಾಲ್ಕು ಸಲ ನಡೆಯುತ್ತದೆ. ಪ್ರತಿ ಸುತ್ತಿಗೂ ಒಂದಿಷ್ಟು ನುಚ್ಚು, ಪುಡಿ ಹೋಗುತ್ತದೆ. ತೊಗರಿ ಕಾಳಿನಲ್ಲಿ ಸಿಪ್ಪೆಯ ಪಾಲು ಹತ್ತರಿಂದ ಹದಿನೈದು ಪಾಲು ಇರಬಹುದು, ಆದರೆ ಕ್ವಿಂಟಲ್ ತೊಗರಿಗೆ ಕೈಗೆ ಬರುವ ಬೇಳೆ 70-75 ಕೆಜಿ. ನಡುವಿನದ್ದು ಪುಡಿಯಾಗಿ ದನಕ್ಕೆ ಹೋಗುತ್ತದೆ. ನಷ್ಟ ಅಲ್ಲೇ ಇರುವುದು.

ಹಾಗೇ ಎಲ್ಲ ಮಾಲೂ ಒಂದೇ ತರಹ ಅಲ್ಲ. ಒಂದೇ ದಿನ ಒಂದೇ ಬಿಸಿಲಲ್ಲಿ ಒಣಗಿಸಿದ ಎರಡು ಲಾಟ್‌ಗಳಲ್ಲಿ ಒಂದು ಎರಡನೇ ಸುತ್ತಿಗೇ ಬಿಡುತ್ತದೆ, ಇನ್ನೊಂದು ಹಠ ಹಿಡಿಯುತ್ತದೆ. ಯಾಕೆ ಅಂತ ಯಾರೂ ಸರಿಯಾಗಿ ಹೇಳಿಲ್ಲ. ನಿಮ್ಮ ಸೂಜಿ ಅದನ್ನು ಹೇಳುತ್ತದಾ?

ಚಿಂಚೋಳಿ ಕಡೆ:

ನಾನು ಧಾನ್ಯ ಸಂಸ್ಕರಣೆಯಲ್ಲಿ ಕೆಲಸ ಮಾಡಿದವನು. ಇಷ್ಟು ದುಬಾರಿ ಯಂತ್ರ ಯಾಕೆ ಬೇಕು ಅಂತ ನೇರವಾಗಿ ಕೇಳುತ್ತೇನೆ. ಪ್ರಯೋಗಾಲಯದ ಸಣ್ಣ ಎಮರಿ ಮಿಲ್‌ನಲ್ಲಿ ತೂಕ ಮಾಡಿದ ತೊಗರಿ ಹಾಕಿ, ಇಂತಿಷ್ಟು ಹೊತ್ತಿಗೆ ಎಷ್ಟು ಸಿಪ್ಪೆ ಹೋಯಿತು ಅಂತ ನೋಡಿದರೆ ಯಾವ ತಳಿ ಬಿಡುತ್ತದೆ, ಯಾವುದು ಬಿಡುವುದಿಲ್ಲ ಅನ್ನುವುದು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಬೇಳೆ ಮಾಡುವ ಸುಧಾರಿತ ವಿಧಾನವನ್ನು ರೂಪಿಸಿದ್ದು ತೇವ, ಶಾಖ, ಇಳುವರಿ ನೋಡಿಕೊಂಡೇ. ಒಂದು ಕಾಳಿನ ಒಂದು ಮೂಲೆಯಲ್ಲಿ ಮೊನೆ ಮುಟ್ಟಿಸಿದ ಬಲಕ್ಕೂ ರಾಶಿ ಮಾಲಿಗೂ ಎಲ್ಲಿಯ ಸಂಬಂಧ?

ಬ್ರಹ್ಮಪುರ:

ಚಿಂಚೋಳಿ ಸರ್ ಹೇಳಿದ್ದು ಸರಿ. ಆ ಪರೀಕ್ಷೆಯನ್ನೇ ಮೊದಲು ಮಾಡಬೇಕು ಅನ್ನುವುದು ನನ್ನದೂ ಅಭಿಪ್ರಾಯ. ಸಣ್ಣ ಮಿಲ್‌ನಲ್ಲಿ ಬೇಗ ಬಿಡುವ ಒಂದು ತಳಿ, ಬಿಡದ ಒಂದು ತಳಿ ಆರಿಸಿಕೊಳ್ಳಿ. ಟಿಎಸ್-3ಆರ್, ಜಿಆರ್‌ಜಿ-811, ಮಾರುತಿ ಎಲ್ಲ ನಮ್ಮ ಭಾಗದಲ್ಲಿ ಬೆಳೆಯುವಂಥವೇ, ಅವುಗಳ ಶುದ್ಧ ಬೀಜ ತಂದು ಒಂದೇ ತೇವಕ್ಕೆ ತಂದು ಹೋಲಿಸಿ. ಆ ವ್ಯತ್ಯಾಸ ಕೈಯಲ್ಲಿ ಇಲ್ಲದೆ ಎಎಫ್‌ಎಂ ಹತ್ತಿರ ಹೋಗಬೇಡಿ.

ಆದರೆ ಮಿಲ್ ಪರೀಕ್ಷೆ ಎಷ್ಟು ಬಿಟ್ಟಿತು ಅಂತ ಹೇಳುತ್ತದೆ, ಯಾವ ಬಂಧ ಸಡಿಲವಾಯಿತು ಅಂತ ಹೇಳುವುದಿಲ್ಲ. ಎಣ್ಣೆ ಕೆಲಸ ಮಾಡುವುದು ಯಾಕೆ? ಅಡುಗೆ ಸೋಡಾ ನೀರು ಸಿಂಪಡಿಸಿದರೆ ಸಿಪ್ಪೆ ಬೇಗ ಬಿಡುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಅದು ಪಿಎಚ್ ಏರಿದ್ದಕ್ಕಾ, ಕ್ಯಾಲ್ಸಿಯಂ ಕಿತ್ತು ಹೋದದ್ದಕ್ಕಾ? ಈ ಎರಡನ್ನು ಬೇರೆ ಮಾಡಲು ಮಿಲ್‌ಗೆ ಆಗುವುದಿಲ್ಲ. ಮೊನೆಗೆ ಆಗುತ್ತದೆ. ಎರಡನೇ ಕಾರಣ ನಿಜವಾದರೆ ಮಿಲ್‌ನವರು ಚಿಮುಕಿಸುವ ಬೋರ್‌ವೆಲ್ ನೀರಿನ ಗಡಸುತನವೂ ಲೆಕ್ಕಕ್ಕೆ ಬರುತ್ತದೆ. ಅದು ಪರೀಕ್ಷೆ ಮಾಡಿ ನೋಡಬೇಕಾದ ಊಹೆ ಅಷ್ಟೆ, ಆದರೆ ಮಾಡಿ ನೋಡಲು ಯೋಗ್ಯವಾದ ಊಹೆ.

ಈಗ ದ್ರವದ ವಿಷಯಕ್ಕೆ ಬರೋಣ.

ಗಾಳಿಯಲ್ಲಿ ಅಳೆಯಬೇಡಿ. ಗಾಳಿಯ ತೇವ ಮೊನೆಗೂ ಮೇಲ್ಮೈಗೂ ನಡುವೆ ಸಣ್ಣ ನೀರಿನ ಸೇತುವೆ ಕಟ್ಟುತ್ತದೆ. ಅದರ ಎಳೆತ ನಿಮ್ಮ ರಾಸಾಯನಿಕ ಗುಂಪಿನ ಎಳೆತವನ್ನು ಮುಚ್ಚಿಹಾಕುತ್ತದೆ. ಮೇ ತಿಂಗಳ ಕಲಬುರಗಿಯ ಒಣ ಗಾಳಿಯಲ್ಲಿ ಒಂದು ಅಂಕಿ, ಆಗಸ್ಟಿನ ಮಳೆಯಲ್ಲಿ ಇನ್ನೊಂದು ಅಂಕಿ ಬರುತ್ತದೆ. ಎರಡೂ ತೊಗರಿಯ ಬಗ್ಗೆ ಏನೂ ಹೇಳುವುದಿಲ್ಲ.

ನೀರಿನಲ್ಲಿ ಮತ್ತು ಎಥನಾಲ್‌ನಲ್ಲಿ ಫಲಿತಾಂಶ ಉಲ್ಟಾ ಬರುತ್ತದೆ, ಇದನ್ನು ನೆನಪಿಡಿ. ನೀರಿನಲ್ಲಿ ಮೆಥಿಲ್ ಮೊನೆ ಮೆಥಿಲ್ ಮೇಲ್ಮೈಯನ್ನು ಬಲವಾಗಿ ಹಿಡಿಯುತ್ತದೆ, ಯಾಕೆಂದರೆ ನೀರು ಇಬ್ಬರನ್ನೂ ಹೊರಗೆ ತಳ್ಳುತ್ತದೆ. ಎಥನಾಲ್‌ನಲ್ಲಿ ಆ ತಳ್ಳುವಿಕೆ ಇಲ್ಲ, ಅಲ್ಲಿ ಕಾರ್ಬಾಕ್ಸಿಲ್-ಕಾರ್ಬಾಕ್ಸಿಲ್ ಜೋಡಿಯೇ ಮೇಲುಗೈ. ಹಾಗಾಗಿ ದ್ರವದ ಹೆಸರು ಹೇಳದೆ ಮೆಥಿಲ್ ಮೊನೆ ಹೆಚ್ಚು ಹಿಡಿಯಿತು ಅಂತ ಬರೆದರೆ ಅದಕ್ಕೆ ಅರ್ಥವೇ ಇಲ್ಲ.

ತೊಗರಿ ಅಂಟಿಗೆ ನೀರಿನಲ್ಲಿ ಇನ್ನೊಂದು ತೊಂದರೆ ಇದೆ. ಅಂಟು ನೀರು ಕುಡಿದು ಉಬ್ಬುತ್ತದೆ, ಸ್ವಲ್ಪ ಕರಗಿಯೂ ಹೋಗುತ್ತದೆ. ಎಥನಾಲ್‌ನಲ್ಲಿ ಈ ಅಂಟುಗಳು ಉಬ್ಬುವುದಿಲ್ಲ. ಅದಕ್ಕೇ ಮೊದಲು ಎಥನಾಲ್‌ನಲ್ಲಿ ಮಾಡಿ. ಒಣ ಸ್ಥಿತಿಯ ಮೇಲ್ಮೈಯಲ್ಲಿ ಏನೇನು ಗುಂಪುಗಳು ಹೊರಗೆ ಇವೆ ಅಂತ ಗೊತ್ತಾಗುತ್ತದೆ. ಆಮೇಲೆ ಹೊಸ ತುಂಡು ತಗೊಂಡು ನೀರಿಗೆ ಹೋಗಿ. ಮಿಲ್‌ನಲ್ಲೂ ನೀರು ಚಿಮುಕಿಸುತ್ತಾರಲ್ಲ, ಆ ಸ್ಥಿತಿಯೂ ಬೇಕು.

ಆಳಂದ ರಸ್ತೆ:

ಅಕ್ಕಾ, ತುಂಬಾ ಉಪಕಾರ ಆಯಿತು. ಎರಡು ಸಂಶಯ. ಸಿಪ್ಪೆಯನ್ನು ಹೇಗೆ ಬಿಡಿಸಲಿ? ನೆನೆಸಿ ಬಿಡಿಸಿದರೆ ಅಂಟೇ ಹೋಗುತ್ತದೆ. ಒಣಗಿದ್ದಾಗ ಬಿಡಿಸಲು ಹೋದರೆ ಒಡೆಯುತ್ತದೆ. ಇನ್ನೊಂದು, ನೀರಿನಲ್ಲಿ ಮೊನೆ ಹಿಂದಕ್ಕೆ ಎಳೆಯುವಾಗ ಗ್ರಾಫ್ ಹೇಗೆ ಕಾಣಬೇಕು? ಒಂದೇ ಗುಂಡಿ ಬರಬೇಕಾ?

ಬ್ರಹ್ಮಪುರ:

ಒಣಗಿಸಿಯೇ ಒಡೆಯಿರಿ. ಕಾಳನ್ನು ಅಡ್ಡಡ್ಡ ಬ್ಲೇಡಿನಿಂದ ಸೀಳಿ, ಸಿಪ್ಪೆಯ ಒಂದು ತುಂಡು ಚಿಮಟಿಗೆಯಿಂದ ಮೆಲ್ಲಗೆ ಎತ್ತಿ. ಒಡೆದ ತುಂಡಾದರೂ ಪರವಾಗಿಲ್ಲ, ನಿಮಗೆ ಬೇಕಾದದ್ದು ಕೂದಲೆಳೆಗಿಂತ ಸಣ್ಣ ಜಾಗ. ಒಳಮೈಯನ್ನು ಮೇಲೆ ಮಾಡಿ ಸೂಕ್ಷ್ಮದರ್ಶಕದ ಕೆಳಗೆ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಕೆಲವು ಕಡೆ ಮೈ ಮಾಸಲು, ಕೆಲವು ಕಡೆ ಹೊಳಪು ಕಂಡರೆ ಎರಡೂ ಜಾಗಗಳನ್ನು ಗುರುತು ಮಾಡಿಕೊಳ್ಳಿ. ಅಂಟು ಎಲ್ಲೆಡೆ ಸಿಪ್ಪೆಯ ಜೊತೆಗೇ ಬರುತ್ತದೆ ಅಂತ ಇಲ್ಲ, ಕೆಲವು ಕಡೆ ಬೇಳೆಯ ಮೈಮೇಲೆ ಉಳಿಯಬಹುದು. ಅದಕ್ಕೆ ಅದೇ ಕಾಳಿನ ಬೇಳೆಯ ಹೊರಮೈಯನ್ನೂ ಅಳೆಯಬೇಕು. ಎರಡೂ ಕಡೆ ನೋಡದೆ ಬಿಟ್ಟರೆ ಒಡಕು ಎಲ್ಲಿ ಆಯಿತು ಅನ್ನುವುದೇ ಗೊತ್ತಾಗುವುದಿಲ್ಲ.

ತುಂಡನ್ನು ಡಬಲ್ ಟೇಪ್ ಮೇಲೆ ಅಂಟಿಸಬೇಡಿ. ಟೇಪಿನ ಅಂಟು ದ್ರವದಲ್ಲಿ ಬಿಟ್ಟು ಮೊನೆಗೆ ಹತ್ತುತ್ತದೆ. ಎಪಾಕ್ಸಿ ತೆಳುವಾಗಿ ಹಚ್ಚಿ, ಪೂರ್ತಿ ಗಟ್ಟಿಯಾದ ಮೇಲೆ ದ್ರವ ಹಾಕಿ.

ಗ್ರಾಫ್ ಬಗ್ಗೆ. ಎಥನಾಲ್‌ನಲ್ಲಿ ಸಾಮಾನ್ಯವಾಗಿ ಒಂದೇ ಗುಂಡಿ. ಮೊನೆ ಹತ್ತಿರ ಬರುವಾಗ ರೇಖೆ ನೇರ, ಮುಟ್ಟಿದ ಮೇಲೆ ಏರು, ಹಿಂದಕ್ಕೆ ಎಳೆಯುವಾಗ ಕೆಳಗೆ ಇಳಿದು ಫಟ್ ಅಂತ ಬಿಟ್ಟು ಮತ್ತೆ ನೇರ ರೇಖೆಗೆ ಬರುತ್ತದೆ. ಆ ಇಳಿತದ ಆಳವೇ ಹಿಡಿತದ ಬಲ. ನೀರಿನಲ್ಲಿ ಚಿತ್ರ ಬೇರೆ. ಮೊನೆ ಮೇಲ್ಮೈ ಬಿಟ್ಟ ಮೇಲೂ ಗರಗಸದ ಹಲ್ಲಿನಂತೆ ಒಂದರ ಹಿಂದೆ ಒಂದು ಇಳಿತ ಬರುತ್ತವೆ, ಕೆಲವೊಮ್ಮೆ ನೂರಾರು ನ್ಯಾನೊಮೀಟರ್ ದೂರದವರೆಗೆ. ಪ್ರತಿ ಹಲ್ಲೂ ಒಂದು ಸಕ್ಕರೆ ಸರಪಳಿ ಹಿಗ್ಗಿ, ಬಿಟ್ಟುಕೊಂಡದ್ದು. ಇಲ್ಲಿ ಅತಿ ಆಳದ ಒಂದು ಇಳಿತವನ್ನು ಮಾತ್ರ ಬರೆದುಕೊಂಡರೆ ಅಂಟಿನ ಅಂಟುತನವೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ರೇಖೆಯ ಕೆಳಗಿನ ಪೂರ್ತಿ ವಿಸ್ತೀರ್ಣ ತೆಗೆಯಿರಿ, ಅದು ಬಿಡಿಸಲು ಹಿಡಿದ ಒಟ್ಟು ಶಕ್ತಿ. ಸಿಪ್ಪೆ ಬಿಡಿಸುವ ಮಿಲ್‌ನ ಕೆಲಸಕ್ಕೆ ಬಲಕ್ಕಿಂತ ಈ ಶಕ್ತಿಯೇ ಹತ್ತಿರ ಅಂತ ನನಗೆ ಅನ್ನಿಸುತ್ತದೆ.

ಮೊನೆ ಮೇಲ್ಮೈಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಒತ್ತುತ್ತದೆ ಅನ್ನುವುದನ್ನೂ ಒಂದೇ ಇಡಬೇಕು. ಉಬ್ಬಿದ ಅಂಟಿನಲ್ಲಿ ಮೊನೆ ಹೆಚ್ಚು ಹೊತ್ತು ನಿಂತರೆ ಹೆಚ್ಚು ಸರಪಳಿ ಹತ್ತಿಕೊಳ್ಳುತ್ತವೆ.

ಶಹಾಪುರದ ಹತ್ತಿ:

ಯಾದಗಿರಿ ಕಡೆಯಿಂದ ಒಂದು ಸಲಹೆ. ತೊಗರಿಯಂಥ ಕಗ್ಗಂಟಿಗೆ ಕೈ ಹಾಕುವ ಮುಂಚೆ ಹತ್ತಿಯ ಮೇಲೆ ಕೈ ಪಳಗಿಸಿಕೊಳ್ಳಿ. ನಾನು ಜವಳಿ ಓದಿದವನು. ಜಿನ್ನಿಂಗ್‌ನಿಂದ ಬಂದ ಹಸಿ ಅರಳೆಯನ್ನು ನೀರಿನ ಮೇಲೆ ಬಿಟ್ಟರೆ ತೇಲುತ್ತದೆ, ಆಸ್ಪತ್ರೆಯ ಹತ್ತಿ ಕೂಡಲೇ ನೀರು ಕುಡಿದು ಮುಳುಗುತ್ತದೆ. ಎರಡೂ ಸೆಲ್ಯುಲೋಸೇ. ವ್ಯತ್ಯಾಸ ಹೊರಮೈಯ ಮೇಣದ್ದು, ತೂಕದಲ್ಲಿ ಅದು ನೂರಕ್ಕೆ ಒಂದು ಪಾಲೂ ಇಲ್ಲ. ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಆ ಮೇಣ ಹೋಗುತ್ತದೆ. ನಿಮ್ಮ ಮೆಥಿಲ್ ಮೊನೆ ನೀರಿನಲ್ಲಿ ಹಸಿ ಹತ್ತಿಯನ್ನು ಗಟ್ಟಿಯಾಗಿ ಹಿಡಿದು, ಆಸ್ಪತ್ರೆ ಹತ್ತಿಯನ್ನು ಹೆಚ್ಚುಕಡಿಮೆ ಬಿಟ್ಟುಬಿಡಬೇಕು. ಅಷ್ಟು ದೊಡ್ಡ ವ್ಯತ್ಯಾಸವನ್ನೂ ನಿಮ್ಮ ಯಂತ್ರ ತೋರಿಸದಿದ್ದರೆ ತೊಗರಿಯ ಮೇಲೆ ಅಳೆದು ಪ್ರಯೋಜನ ಇಲ್ಲ.

ಬ್ರಹ್ಮಪುರ:

ಶಹಾಪುರ ಅಣ್ಣಾ, ಇದು ಬಹಳ ಒಳ್ಳೆ ಮಾತು. ನಾನೂ ಹೊಸಬರಿಗೆ ಹತ್ತಿಯಿಂದಲೇ ಶುರು ಮಾಡಿಸುತ್ತೇನೆ. ಮತ್ತೆ ಹಸಿ ಹತ್ತಿಯ ಮೇಲೆ ಅಳೆದ ಮೇಲೆ ಮೊನೆಗೆ ಮೇಣ ಹತ್ತಿದೆಯಾ ಅಂತ ಪರೀಕ್ಷೆ ಮಾಡುವ ಅಭ್ಯಾಸವೂ ಅಲ್ಲೇ ಆಗಿಬಿಡುತ್ತದೆ.

ಆ ಪರೀಕ್ಷೆ ಹೀಗೆ. ಮೆಥಿಲ್ ಹಚ್ಚಿದ ಒಂದು ಚಿನ್ನದ ಚೂರು, ಹೈಡ್ರಾಕ್ಸಿಲ್ ಹಚ್ಚಿದ ಒಂದು ಚೂರು, ಎರಡನ್ನೂ ಸಿಪ್ಪೆಯ ಪಕ್ಕದಲ್ಲೇ ಇಟ್ಟುಕೊಳ್ಳಿ. ಮೊನೆಯಿಂದ ಮೊದಲು ಎರಡೂ ಚೂರುಗಳ ಮೇಲೆ ಅಳೆಯಿರಿ. ಆಮೇಲೆ ಸಿಪ್ಪೆ. ಆಮೇಲೆ ಮತ್ತೆ ಎರಡೂ ಚೂರು. ಮೊದಲಿನ ಅಂಕಿ, ಕೊನೆಯ ಅಂಕಿ ಹೊಂದಿಕೊಂಡರೆ ನಡುವಿನದ್ದನ್ನು ನಂಬಿ. ನಾನು ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ಮೊನೆಯ ಸಿಪ್ಪೆ ಅಳತೆ ಪೂರ್ತಿ ಬಿಟ್ಟುಬಿಡುತ್ತೇನೆ. ಹೊಟ್ಟೆ ಉರಿಯುತ್ತದೆ, ಮೊನೆಗಳು ಅಗ್ಗವಲ್ಲ, ಆದರೂ ಬಿಡಬೇಕು. ಸಿಪ್ಪೆಯ ಮೇಲೆ ಒಂದೇ ಸಲ ಉದ್ದಕ್ಕೆ ಅಳೆಯುತ್ತಾ ಹೋಗಬೇಡಿ, ಸ್ವಲ್ಪ ಅಳೆದು ಚೂರಿಗೆ ವಾಪಸ್ ಬನ್ನಿ. ಹಾಳಾಗಿದ್ದು ಯಾವಾಗ ಅನ್ನುವುದಾದರೂ ಗೊತ್ತಾಗುತ್ತದೆ.

ಇನ್ನು ಮೂರು ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಪಟ್ಟಿಯ ಡಬ್ಬಿಯ ಮೇಲೆ ಬರೆದ ಬಿಗಿತವನ್ನು ನಂಬಬೇಡಿ, ಅದು ದುಪ್ಪಟ್ಟೂ ಇರಬಹುದು, ಅರ್ಧವೂ ಇರಬಹುದು. ಪ್ರತಿ ಪಟ್ಟಿಯನ್ನೂ ಅದರ ಶಾಖದ ಕಂಪನದಿಂದ ಅಳೆಯುವ ಸೌಲಭ್ಯ ಯಂತ್ರದಲ್ಲೇ ಇರುತ್ತದೆ. ಮೊನೆಯ ದಪ್ಪವೂ ಮುಖ್ಯ. ಹಿಡಿತದ ಬಲ ಮೊನೆಯ ತ್ರಿಜ್ಯಕ್ಕೆ ತಕ್ಕಂತೆ ಏರುತ್ತದೆ, ಅಂದರೆ 20 ನ್ಯಾನೊಮೀಟರಿನ ಮೊನೆಗಿಂತ 40ರ ಮೊನೆ ಅದೇ ರಾಸಾಯನಿಕದಲ್ಲಿ ಎರಡು ಪಟ್ಟು ಬಲ ತೋರಿಸುತ್ತದೆ. ಹಾಗಾಗಿ ಬೇರೆ ಬೇರೆ ಮೊನೆಗಳ ಅಂಕಿಗಳನ್ನು ಹಾಗೇ ಪಕ್ಕಪಕ್ಕ ಇಡಬೇಡಿ, ಪ್ರತಿ ಮೊನೆಯ ಅಂಕಿಯನ್ನೂ ಅದರ ಚೂರಿನ ಅಂಕಿಗೆ ಭಾಗಿಸಿ ಹೋಲಿಸಿ. ಕೊನೆಯದು, ಒರಟುತನ. ಮೊನೆ ಒಂದು ಕುಳಿಯಲ್ಲಿ ಇಳಿದರೆ ಸುತ್ತಲೂ ಮುಟ್ಟುತ್ತದೆ, ಬಲ ಜಾಸ್ತಿ ಕಾಣುತ್ತದೆ. ಮೊದಲು ಜಾಗದ ಎತ್ತರ-ತಗ್ಗಿನ ಚಿತ್ರ ತಗೊಂಡು, ಸಮತಟ್ಟಾದ ಕಡೆ ಮಾತ್ರ ಅಳೆಯಿರಿ.

ಬೀದರ್ ಕೆಮ್ಮಣ್ಣು:

ಅಕ್ಕಾರೇ, ನಮ್ಮ ಬೀದರ್ ಕಡೆ ಹಳ್ಳಿಗಳಲ್ಲಿ ಅಜ್ಜಿಯರು ತೊಗರಿ ನೆನೆಸಿ, ಕೆಮ್ಮಣ್ಣು ಕಲಸಿ ಹಚ್ಚಿ, ರಾತ್ರಿ ಬಿಟ್ಟು, ಒಣಗಿಸಿ, ಬೀಸುಕಲ್ಲಿಗೆ ಹಾಕುತ್ತಿದ್ದರು. ನಮ್ಮದು ಜಂಬಿಟ್ಟಿಗೆಯ ನೆಲ, ಮಣ್ಣಿಗೆ ಕೊರತೆ ಇಲ್ಲ. ಆ ಮಣ್ಣು ಅಂಟಿಗೆ ಏನು ಮಾಡುತ್ತದೆ? ಹೀಗೂ ಮೊನೆಯಿಂದ ನೋಡಬಹುದಾ? ಇನ್ನೊಂದು ಸಣ್ಣ ಪ್ರಶ್ನೆ: ಎಳೆ ಜೋಳದ ಎಲೆ ಮೇಲೆ ಔಷಧ ಹೊಡೆದರೆ ಹನಿ ನಿಲ್ಲದೆ ಜಾರುತ್ತದೆ, ಅಂಟು ದ್ರಾವಣ ಸೇರಿಸಬೇಕಾಗುತ್ತದೆ. ಅದಕ್ಕೂ ಇದೇ ವಿಧಾನವಾ?

ಬ್ರಹ್ಮಪುರ:

ಜೋಳಕ್ಕೆ ಬೇಡ. ಅಲ್ಲಿ ಎಲೆಯ ಮೇಲೆ ಮೇಣ ಇರುವುದು ಗೊತ್ತಿರುವ ವಿಷಯ. ಹನಿಯ ಕೋನ ಅಳೆದರೆ ಯಾವ ಅಂಟು ದ್ರಾವಣ ಎಷ್ಟು ಸೇರಿಸಬೇಕು ಅನ್ನುವುದಕ್ಕೆ ಉತ್ತರ ಸಿಗುತ್ತದೆ. ಖರ್ಚೂ ಕಡಿಮೆ. ಮೊನೆಯಿಂದ ಹೊಸದಾಗಿ ತಿಳಿಯುವುದು ಅಲ್ಲಿ ಕಡಿಮೆ.

ಕೆಮ್ಮಣ್ಣಿನ ಪ್ರಶ್ನೆ ಚೆನ್ನಾಗಿದೆ. ಮಣ್ಣು ನೀರು ಹೀರಿಕೊಳ್ಳುತ್ತದೆ, ಒಣಗಿದ ಮೇಲೆ ಉಜ್ಜಲು ಸಹಾಯ ಮಾಡುತ್ತದೆ. ಇವೆರಡೇ ಆಗಿದ್ದರೆ ಮೊನೆಯ ಅಗತ್ಯ ಇಲ್ಲ. ಅದರಲ್ಲಿನ ಕಬ್ಬಿಣದ ಆಕ್ಸೈಡು ಅಥವಾ ಜೇಡಿ ಕಣ ಅಂಟಿನ ಆಮ್ಲ ಗುಂಪುಗಳನ್ನು ಹಿಡಿಯುತ್ತದಾ ಅಂತ ನೋಡಬೇಕಾದರೆ ಪಟ್ಟಿಯ ತುದಿಗೆ ಮೊನೆಯ ಬದಲು ಕೆಲವು ಮೈಕ್ರಾನಿನ ಕಣವನ್ನೇ ಅಂಟಿಸಿ ಅಳೆಯುವ ದಾರಿ ಇದೆ. ಆದರೆ ಅದು ಆಮೇಲೆ. ನೆನೆಸಿ ಮಾಡಿದ ಬೇಳೆ ಬೇಯಲು ಹೆಚ್ಚು ಹೊತ್ತು ತಗೊಳ್ಳುತ್ತದೆ ಅನ್ನುವುದೂ ಇದೆ, ಹಾಗಾಗಿ ಆ ದಾರಿಯಲ್ಲಿ ಮಿಲ್‌ಗೆ ನೇರ ಲಾಭ ಕಡಿಮೆ.

ಈಗ ಅಮೈನ್ ಮೊನೆ. ಅಂಟಿನ ಗ್ಲೂಕ್ಯುರೋನಿಕ್ ಆಮ್ಲ ಪಿಎಚ್ 7ರಲ್ಲಿ ಋಣ ಆವೇಶದ್ದು. ಧನ ಆವೇಶದ ಅಮೈನ್ ಮೊನೆ ಅದನ್ನು ಹಿಡಿಯಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಮೊನೆಯ ಮೇಲೆ ಒತ್ತೊತ್ತಾಗಿ ನಿಂತ ಅಮೈನ್ ಗುಂಪುಗಳು ದ್ರಾವಣದಲ್ಲಿ ಇದ್ದಷ್ಟು ಸುಲಭವಾಗಿ ಪ್ರೋಟಾನ್ ಹಿಡಿಯುವುದಿಲ್ಲ, ಪಿಎಚ್ 7ರಲ್ಲಿ ಮೊನೆಗೆ ಆವೇಶ ಬಹಳ ಕಡಿಮೆ ಇರಬಹುದು. ಅದಕ್ಕೆ ನಾನು ಹೇಳುವುದು ಕಾರ್ಬಾಕ್ಸಿಲ್ ಮೊನೆಯನ್ನೇ ಬಳಸಿ, ಪಿಎಚ್ ಬದಲಿಸಿ ಅಂತ. ಪಿಎಚ್ 3ಕ್ಕಿಂತ ಕೆಳಗೆ ಮೊನೆಯೂ ಅಂಟೂ ಆವೇಶ ಕಳೆದುಕೊಂಡು ಹೈಡ್ರೋಜನ್ ಬಂಧ ಮಾಡುತ್ತವೆ, ಹಿಡಿತ ಏರಬೇಕು. ಪಿಎಚ್ 7ರಲ್ಲಿ ಎರಡೂ ಋಣ, ಒಂದನ್ನೊಂದು ತಳ್ಳಬೇಕು. ಉಪ್ಪು 1 ಮಿಲಿಮೋಲಾರ್ ಇದ್ದರೆ ಆ ತಳ್ಳುವಿಕೆ ಸುಮಾರು 10 ನ್ಯಾನೊಮೀಟರ್ ದೂರದಿಂದಲೇ ಶುರುವಾಗುತ್ತದೆ, 100 ಮಿಲಿಮೋಲಾರ್ ಮಾಡಿದರೆ 1 ನ್ಯಾನೊಮೀಟರಿಗೆ ಇಳಿಯುತ್ತದೆ. ಉಪ್ಪಿಗೆ ಹೀಗೆ ಬದಲಾದರೆ ಅದು ಆವೇಶದ ಆಟವೇ.

ಆಮೇಲೆ ಅದೇ ಪಿಎಚ್ 7ರಲ್ಲಿ ಒಂದಿಷ್ಟು ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ ಅಳೆಯಿರಿ. ತಳ್ಳುತ್ತಿದ್ದದ್ದು ಹಿಡಿಯಲು ಶುರು ಮಾಡಿದರೆ ನಡುವೆ ಕ್ಯಾಲ್ಸಿಯಂ ಸೇತುವೆ ಆಗುತ್ತಿದೆ. ಕ್ಯಾಲ್ಸಿಯಂ ಅನ್ನು ಹಿಡಿದು ಕಿತ್ತೊಯ್ಯುವ ರಾಸಾಯನಿಕ ಇಡಿಟಿಎ ಹಾಕಿ ತೊಳೆದರೆ ಹಿಡಿತ ಹೋಗಬೇಕು. ಹೋದರೆ ನಿಮ್ಮ ಮೊದಲ ಪ್ರಶ್ನೆಯ ಒಂದು ಭಾಗಕ್ಕೆ ಉತ್ತರ ಸಿಕ್ಕಿತು. ಹೋಗದಿದ್ದರೆ ಕ್ಯಾಲ್ಸಿಯಂ ಬಿಟ್ಟು ಬೇರೆ ಕಾರಣ ಹುಡುಕಿ.

ಚಿಂಚೋಳಿ ಕಡೆ:

ಹೀಗೆ ಮಾಡಿದರೆ ನನಗೆ ಒಪ್ಪಿಗೆ. ಇಡಿಟಿಎ ಪರೀಕ್ಷೆಯನ್ನು ಮೊನೆಯಲ್ಲೂ ಮಾಡಿ, ಸಣ್ಣ ಮಿಲ್‌ನಲ್ಲೂ ಮಾಡಿ. ಅದೇ ಲಾಟ್‌ನ ಕಾಳಿಗೆ ಶುದ್ಧ ನೀರು, ಸೋಡಾ ನೀರು, ಇಡಿಟಿಎ ನೀರು ಬೇರೆ ಬೇರೆಯಾಗಿ ಚಿಮುಕಿಸಿ, ಒಂದೇ ತೇವಕ್ಕೆ ಒಣಗಿಸಿ ರೋಲರ್‌ಗೆ ಬಿಡಿ. ಇಡಿಟಿಎ ಬೇಳೆ ತಿನ್ನಲು ಅಲ್ಲ, ಪರೀಕ್ಷೆಗೆ ಮಾತ್ರ. ಎರಡೂ ಕಡೆ ಒಂದೇ ದಿಕ್ಕಿನ ಉತ್ತರ ಬಂದರೆ ನಾನೇ ಮೊದಲು ಒಪ್ಪಿಕೊಳ್ಳುತ್ತೇನೆ.

ಆಳಂದ ರಸ್ತೆ:

ಸರ್, ಖಂಡಿತ ಮಾಡುತ್ತೇನೆ. ಯಂತ್ರಕ್ಕೆ ಬೆಂಗಳೂರಿನ ಐಐಎಸ್‌ಸಿಯ ನ್ಯಾನೊ ಕೇಂದ್ರಕ್ಕೆ ಅರ್ಜಿ ಹಾಕೋಣ ಅಂದುಕೊಂಡಿದ್ದೇನೆ, ಹೊರಗಿನವರಿಗೂ ಅಲ್ಲಿ ಅವಕಾಶ ಇದೆ. ಮೊನೆಗೆ ಥಯಾಲ್ ಇಲ್ಲೇ ಹಚ್ಚಿಕೊಂಡು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಒಯ್ಯಬಹುದಾ?

ಬ್ರಹ್ಮಪುರ:

ಬೇಡ. ಎಥನಾಲ್ ರೈಲಿನಲ್ಲಿ ಒಯ್ಯುವ ವಸ್ತು ಅಲ್ಲ, ಒಣ ಮೊನೆಯನ್ನು ಒಯ್ದರೆ ದಾರಿಯ ಗಾಳಿ, ಧೂಳು ಎಲ್ಲ ಕೂರುತ್ತದೆ. ಅಲ್ಲೇ ಹಿಂದಿನ ಸಂಜೆ ಹಚ್ಚಿ ಬೆಳಗ್ಗೆ ಬಳಸಿ. ಗಾಜು ತೊಳೆಯಲು ಪಿರಾನ್ಹಾ ದ್ರಾವಣ (ಗಂಧಕಾಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣ) ಮಾಡಬೇಕಾಗಿ ಬಂದರೆ ಅಲ್ಲಿನ ಅನುಭವಿಗಳ ಜೊತೆಗೇ ಮಾಡಿ, ಎಥನಾಲ್ ಅಥವಾ ಅಸಿಟೋನ್ ಅದರ ಹತ್ತಿರಕ್ಕೂ ತರಬೇಡಿ, ಸ್ಫೋಟ ಆಗುತ್ತದೆ. ಕಾಳುಗಳನ್ನು ಮಾತ್ರ ಗಾಳಿಯಾಡದ ಡಬ್ಬಿಯಲ್ಲಿ ಇಲ್ಲಿಂದ ಒಯ್ಯಿರಿ, ಸಿಪ್ಪೆ ಬಿಡಿಸುವುದು ಅಳೆಯುವ ದಿನವೇ. ಬಿಡಿಸಿದ ಮೈ ಗಾಳಿಗೆ ಬಿಟ್ಟಷ್ಟೂ ಏನೇನೋ ಬಂದು ಕೂರುತ್ತದೆ.

ಒಂದೇ ಕಾಳಿನ ಮೇಲೆ ಸಾವಿರ ಸಲ ಅಳೆದರೂ ಅದು ಒಂದು ಕಾಳಿನ ಲೆಕ್ಕ. ಬೇರೆ ಬೇರೆ ಗಿಡಗಳ ಕಾಳು, ಬೇರೆ ಬೇರೆ ಮೊನೆ ಬೇಕು. ಹೀಗೆ ಬಂದ ಎಲ್ಲ ಅಂಕಿಗಳ ಹರಡುವಿಕೆಯನ್ನೂ ತೋರಿಸಿ, ಸರಾಸರಿ ಒಂದನ್ನೇ ಕೊಡಬೇಡಿ.

ದಾಲ್ ಮಿಲ್ ಮನೆತನ:

ಮಾಲಿನ ಚಿಂತೆ ಬಿಡಿ ಸರ್, ನಾನು ಕೊಡುತ್ತೇನೆ. ಹೊಸ ಮಾಲು ಡಿಸೆಂಬರ್ ಕೊನೆ, ಜನವರಿಗೆ ಬರುತ್ತದೆ. ಮಿಲ್‌ನಲ್ಲಿ ಬೇಗ ಬಿಟ್ಟ ಒಂದು ಲಾಟ್, ಹಠ ಹಿಡಿದ ಒಂದು ಲಾಟ್ ನೋಡಿ ಎತ್ತಿಡುತ್ತೇನೆ, ಯಾವ ಊರಿನ ಹೊಲದ್ದು, ಯಾವ ತಳಿ ಅಂತ ಅಡತಿಯವರಿಂದ ಕೇಳಿ ಬರೆದುಕೊಳ್ಳುತ್ತೇನೆ. ಎರಡೂ ಲಾಟ್‌ನಿಂದ ನಾಲ್ಕು ಹಂತದ ಕಾಳು ಬೇರೆ ಬೇರೆ ಡಬ್ಬಿಗೆ: ರೋಲರ್‌ಗೆ ಹೋಗುವ ಮುಂಚೆ, ಗೀರು ಬಿದ್ದ ಮೇಲೆ, ಎಣ್ಣೆ ರಾಶಿ ಆದ ಮೇಲೆ, ನೀರಿನ ರಾಶಿ ಆದ ಮೇಲೆ. ನಮ್ಮ ಬೋರ್‌ವೆಲ್ ನೀರೂ ಒಂದು ಬಾಟಲಿ ಕೊಡುತ್ತೇನೆ, ಕ್ಯಾಲ್ಸಿಯಂ ಎಷ್ಟಿದೆ ಅಂತ ನೋಡಿಸಿ. ನೀವು ಖಾಲಿ ಡಬ್ಬಿ ತಗೊಂಡು ಬನ್ನಿ, ಸಂಜೆ ಐದರ ಮೇಲೆ ಬಂದರೆ ರಾಶಿ ಹಾಕುವ ಹೊತ್ತು ಇರುತ್ತದೆ, ನೀವೇ ಕೈಯಾರೆ ತೆಗೆದುಕೊಳ್ಳಬಹುದು.